ಆತು ಎಂಬ ಒಂದು ಮಾತು

1993ನೇ ಇಸವಿ ಅಕ್ಟೋಬರ್ 25, ಸೋಮವಾರ. ಬೆಳಿಗ್ಗೆ 9 ಗಂಟೆ 20 ನಿಮಿಷಕ್ಕೆ ಗುತ್ತಲದ ಅಂಬಿಗರ ಮೈಲಾರಪ್ಪ ರಾಣೆಬೆನ್ನೂರು ಗ್ರಾಮೀಣ ಠಾಣೆಯ ಮೆಟ್ಟಿಲು ಹತ್ತಿದ. ಅಂಗಿಯ ಎದೆಯೆಲ್ಲ ರಕ್ತ. ಅದು ಅವನ ರಕ್ತವಲ್ಲ. ಹಿಂದಿನ ದಿನ ದಸರೆಗೆ ಯಾರೋ ಕೈಗಿತ್ತ ಬನ್ನಿ ಎಲೆ ಜೇಬಿನಲ್ಲಿ ಇನ್ನೂ ಹಾಗೇ ಇತ್ತು.

ಸಬ್ ಇನ್ಸ್‌ಪೆಕ್ಟರ್ ನಿಜಲಿಂಗಪ್ಪ ನೀರು ಕೊಡಿಸಿ, ಬೆಂಚಿನ ಮೇಲೆ ಕೂರಿಸಿದ.

“ಯಾರು ಸತ್ತಾರ?”

“ನನ್ನ ತಮ್ಮರಿ. ಲಕ್ಷ್ಮಪ್ಪ.”

“ಹೆಂಗಾತು?”

“ಟ್ರೇಲರಿನ ಅಚ್ಚು ಮುರೀತ್ರಿ. ದೋಣಿ ಅವನ ಮ್ಯಾಲ ಬಿತ್ತು.”

ಹೊಳೆ ದಾಟಿಸುವ ಕಸುಬು ಕೈಕೊಟ್ಟ ಮೇಲೆ ಮೈಲಾರಪ್ಪ ಬ್ಯಾಡಗಿ ತಾಲೂಕಿನ ಒಂದು ಕೆರೆಯಲ್ಲಿ ಮೀನು ಹಿಡಿಯುವ ಗುತ್ತಿಗೆ ಹಿಡಿದಿದ್ದ. ಅದಕ್ಕಾಗಿ ಹೊಸಪೇಟೆ ಕಡೆಯ ಹರಾಜಿನಲ್ಲಿ ಒಂದು ಹಳೆಯ ಕಬ್ಬಿಣದ ದೋಣಿಯನ್ನೂ ಅದನ್ನು ಹೊರುವ ಎರಡು ಗಾಲಿಯ ಟ್ರೇಲರನ್ನೂ ಕೊಂಡು ತಂದಿದ್ದ. ವರ್ಷಗಟ್ಟಲೆ ನೀರಿನ ದಂಡೆಯಲ್ಲಿ ಬಿದ್ದಿದ್ದ ಟ್ರೇಲರ್. ರಾಣೆಬೆನ್ನೂರಿನ ಇಮಾಮಸಾಬನ ವೆಲ್ಡಿಂಗ್ ಅಂಗಡಿಯಲ್ಲಿ ಎಂಟು ದಿನ ರಿಪೇರಿಗೆ ನಿಂತಿತ್ತು. ಈ ದಿನ ನಸುಕಿನಲ್ಲಿ ಅದನ್ನು ಟ್ರ್ಯಾಕ್ಟರಿನ ಹಿಂದೆ ಕಟ್ಟಿಕೊಂಡು ಅಣ್ಣತಮ್ಮ ಇಬ್ಬರೂ ಹೊರಟಿದ್ದರು. ಹಗ್ಗ ಸಡಿಲವಾದೀತೆಂದು ತಮ್ಮ ದೋಣಿಯೊಳಗೇ ಕೂತಿದ್ದ. ಹಲಗೇರಿ ದಾಟಿದ ಒಳದಾರಿಯ ತಗ್ಗಿನಲ್ಲಿ ಎಡಗಾಲಿ ಕಳಚಿ ಹೋಯಿತು.

“ಅಂಥಾ ಹಳೇ ಟ್ರೇಲರ, ಯಾರಿಗರ ತೋರಿಸಿದ್ದಿಲ್ಲೇನು?” ನಿಜಲಿಂಗಪ್ಪ ಕೇಳಿದ.

ಮೈಲಾರಪ್ಪ ತಲೆ ಎತ್ತಿದ. “ತೋರಿಸದ ಹೆಂಗ ಒಯ್ಯಲ್ರಿ ಸಾಹೇಬ್ರ? ಅದರ ಮ್ಯಾಲ ರಾಘಣ್ಣಾರ ಗುರುತ ಇತ್ತು.”

ಬರೆಯುತ್ತಿದ್ದ ನಿಜಲಿಂಗಪ್ಪನ ಕೈ ನಿಂತಿತು.

ಆ ಗುರುತು ಗೊತ್ತಿಲ್ಲದ ಗಾಡಿಯವನು ಈ ಸುತ್ತಿನಲ್ಲಿ ಇರಲಿಲ್ಲ. ರಾಘಣ್ಣನವರು ಬಸ್ಸಿನ ವರ್ಕ್‌ಶಾಪೊಂದರಲ್ಲಿ ಮೂವತ್ತು ವರ್ಷ ಫೋರ್‌ಮನ್ ಆಗಿ ನಿವೃತ್ತರಾದವರು. ಹಳೆಯ ಲಾರಿ, ಟ್ರ್ಯಾಕ್ಟರು, ಚಕ್ಕಡಿ ಅಚ್ಚು ಏನೇ ತಂದರೂ ಅಂಗೈಯಷ್ಟುದ್ದದ ಸುತ್ತಿಗೆಯಿಂದ ಬಡಿದು, ಕಣ್ಣು ಮುಚ್ಚಿ ಕೇಳುವರು. ಗಟ್ಟಿ ಕಬ್ಬಿಣವಾದರೆ ಟಣ್ ಎನ್ನುತ್ತದೆ, ಸೀಳಿದ್ದರೆ ಬದ್ ಎನ್ನುತ್ತದೆ. ಸರಿ ಇದ್ದರೆ ಸೀಮೆಸುಣ್ಣದಲ್ಲಿ ಒಂದು ಸುತ್ತು ಬರೆದು ಒಳಗೆ ‘ರಾ’ ಎಂದು ಹಾಕುವರು. ಒಂದು ಕಪ್ ಚಹಾ ಬಿಟ್ಟು ಬೇರೇನೂ ಮುಟ್ಟಿದವರಲ್ಲ. ಠಾಣೆಯ ಜೀಪು ಕೂಡ ಎರಡು ಸಲ ಆ ಸುತ್ತಿಗೆಯ ಕೆಳಗೆ ಹೋಗಿ ಬಂದಿತ್ತು. ಹಾಗಾದರೆ ವೆಲ್ಡಿಂಗಿನವನದೇ ತಪ್ಪು ಎಂದು ನಿಜಲಿಂಗಪ್ಪ ಆ ಕ್ಷಣವೇ ಮನಸ್ಸಿನಲ್ಲಿ ತೀರ್ಪು ಕೊಟ್ಟುಬಿಟ್ಟ. ಮುಂದೆ ಬಹಳ ದಿನ ಅವನಿಗೆ ಇದು ಚುಚ್ಚುತ್ತಿತ್ತು.

ಎಫ್‌ಐಆರ್ ದಾಖಲಾಯಿತು. ಅಪರಾಧ ಸಂಖ್ಯೆ 187/93, ಕಲಂ 304-ಎ, ನಿರ್ಲಕ್ಷ್ಯದಿಂದ ಸಾವು.

ಪಂಚನಾಮೆ ಸ್ಥಳದಲ್ಲೇ 11.10ರಿಂದ 12.30ರವರೆಗೆ ನಡೆಯಿತು. ಹೆಡ್ ಕಾನ್‌ಸ್ಟೆಬಲ್ ಸೋಮಣ್ಣ ಟೇಪು ಹಿಡಿದ. ಅಚ್ಚಿನ ಬಲತುದಿಯಲ್ಲಿ ಹೊಸ ಬೆಸುಗೆ, ಅಚ್ಚುಕಟ್ಟಾದ ಕೆಲಸ. ಮುರಿದ ಎಡತುದಿಯಲ್ಲಿ ಬೆಸುಗೆಯೇ ಇಲ್ಲ. ಮುರಿದ ಮುಖದ ಅರ್ಧ ಕಂದುಬಣ್ಣದ ಹಳೆಯ ತುಕ್ಕು, ಇನ್ನರ್ಧ ಈಗಷ್ಟೇ ಹರಿದ ಬಿಳಿ ಹೊಳಪು. ಸೀಳು ಹಳೆಯದು. ಕೆಳಮುಖದಲ್ಲಿ ಗ್ರೀಸಿನ ಹೆಪ್ಪಿನಡಿ ಅಡಗಿದ್ದು ಕಣ್ಣಿಗೆ ಬೀಳುವಂಥದ್ದಲ್ಲ. ಅದರಿಂದ ಒಂದು ಗೇಣು ದೂರದಲ್ಲಿ ಸೀಮೆಸುಣ್ಣದ ಸುತ್ತು, ಒಳಗೆ ‘ರಾ’.

ಮಧ್ಯಾಹ್ನ 3ಕ್ಕೆ ಇಮಾಮಸಾಬನನ್ನು ಕರೆತಂದರು. ಅವನ ಹಿಂದೆಯೇ ಹೆಂಡತಿ ಸೈದಾಬಿ ಬುತ್ತಿಗಂಟು ಹಿಡಿದು ಬಂದು ಠಾಣೆಯ ಮೆಟ್ಟಿಲ ಮೇಲೆ ಕೂತಳು. ಹೊರಗೆ ಗುತ್ತಲದ ಜನ ಸೇರಿದ್ದರು. ‘ಬೆಸದವನನ್ನ ನಮ್ಮ ಕೈಗೆ ಕೊಡ್ರಿ’ ಎಂದು ಒಬ್ಬಿಬ್ಬರು ಕೂಗುತ್ತಲೂ ಇದ್ದರು.

“ಎಡಗಡೆ ಯಾಕ ಬೆಸೀಲಿಲ್ಲ?”

“ಸನವಾರ ಖಂಡೇಪೂಜಿ ಇತ್ತಲ್ರಿ ಸಾಹೇಬ್ರ. ಬಲಗಡೆ ಮುಗಿಸೂದ್ರಾಗ ಮಧ್ಯಾಹ್ನ ಆತು. ಸುತ್ಗಿ, ಮಶೀನು ಎಲ್ಲಾ ತೊಳದು ಪೂಜಿಗೆ ಇಟ್ವಿ. ಇಟ್ಟ ಮ್ಯಾಲ ಬನ್ನಿ ಮುಡಿಯೂ ತನಕ ಮುಟ್ಟೂದಿಲ್ರಿ. ನಮ್ಮಪ್ಪನ ಕಾಲದಿಂದನೂ ಹಂಗ.”

“ಮುಗೀಲಾರದ ಕೆಲಸಕ್ಕ ರಾಘಣ್ಣಾರು ಗುರುತ ಹ್ಯಾಂಗ ಹಾಕಿದ್ರು?”

“ಅದ ತಿಳೀವಲ್ದರಿ! ಸಂಜೀಕ ಅವರು ಬಂದ್ರು. ‘ಎಡಗಡೆ ಸೀಳು ಹಂಗ ಐತ್ರಿ, ಸೋಮವಾರ ಬೆಸೀತೇನಿ, ಗುರುತ ಹಾಕಬ್ಯಾಡ್ರಿ’ ಅಂತ ನನ್ನ ಬಾಯಾರೆ ಹೇಳೇನಿ. ‘ಆತು’ ಅಂದ್ರು. ನಾ ಒಳಗ ಪೂಜಿಗೆ ಹೋದೆ. ಇವತ್ತ ನಾ ಅಂಗಡಿಗೆ ಬರೂದ್ರಾಗ ಇವರು ನಸುಕಿನ್ಯಾಗನ ಟ್ರೇಲರ ಒಯ್ದಿದ್ರು.”

“ಅವರು ಅಂಥಾ ಮಂದಿ ಅಲ್ಲ, ಇಮಾಮಸಾಬ.”

“ನಾನೂ ಅಂಥಾವ ಅಲ್ರಿ.”

ಹಿಂಬದಿಯ ಕೋಣೆಯಲ್ಲಿ ಅವನನ್ನು ಕೂರಿಸಿದರು. ಇಪ್ಪತ್ತನಾಲ್ಕು ಗಂಟೆಯೊಳಗೆ ಕೋರ್ಟಿಗೆ ಒಯ್ಯಬೇಕು, ಇಲ್ಲವೇ ಬಿಡಬೇಕು.

ಮಂಗಳವಾರ ಬೆಳಿಗ್ಗೆ 8ಕ್ಕೆ ನಿಜಲಿಂಗಪ್ಪ ರಾಘಣ್ಣನವರ ಮನೆಗೆ ಹೋದ. ಸುದ್ದಿ ಆಗಲೇ ಮುಟ್ಟಿತ್ತು. ಅವರು ಜೋಕಾಲಿಯ ಮೇಲೆ ಕೂತಿದ್ದರು. ರಾತ್ರಿಯಿಡೀ ನಿದ್ದೆ ಮಾಡಿದ ಮುಖವಲ್ಲ. ಹೆಂಡತಿ ವೆಂಕೂಬಾಯಿ ಚಹಾ ಇಟ್ಟು ಒಳಗೆ ಹೋಗದೆ ಗಂಡನ ಎದುರಿಗೇ ನಿಂತರು.

“ಇಮಾಮಸಾಬ ನಿಮಗ ಏನರ ಹೇಳಿದ್ನೇನ್ರಿ?”

“ಆ ವೆಲ್ಡಿಂಗಿನಾಂವ ಏನರ ಹೇಳಿದ್ನೇನು ಅಂತ ಕೇಳ್ಯಾರ,” ಎಂದರು ವೆಂಕೂಬಾಯಿ, ಗಂಡನ ಮುಖ ನೋಡುತ್ತ, ಒಂದೊಂದೇ ಮಾತು ಬಿಡಿಸಿ.

“ಏನೂ ಹೇಳ್ಲಿಲ್ಲ. ನಮ್ಮ ರಾಯರ ಆಣಿ. ಹೇಳಿದ್ರ ನಾ ಗುರುತ ಹಾಕತಿದ್ನೇನು?” ಹಿರಿಯರ ಕಣ್ಣಲ್ಲಿ ನೀರಿತ್ತು. ಅದು ಸುಳ್ಳಿನ ನೀರಲ್ಲ ಎಂದು ನಿಜಲಿಂಗಪ್ಪನಿಗೆ ಖಾತ್ರಿಯಾಯಿತು.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಾಯಿತು. ಅವನು ಹೇಳಿದೆ ಎನ್ನುತ್ತಾನೆ, ಇವರು ಹೇಳಲಿಲ್ಲ ಎನ್ನುತ್ತಾರೆ. ಇಬ್ಬರಲ್ಲಿ ಯಾರನ್ನು ನೋಡಿದರೂ ಸುಳ್ಳುಗಾರರೆನಿಸುವುದಿಲ್ಲ.

ಅಷ್ಟರಲ್ಲಿ ಹೊರಗೆ ಹಾಲಿನವನು ಕೂಗಿದ. ವೆಂಕೂಬಾಯಿ ಪಾತ್ರೆ ಹಿಡಿದು ಹೋದರು. ನಿಜಲಿಂಗಪ್ಪ ಡೈರಿಯ ಮೇಲೆ ಬಗ್ಗಿ ಬರೆಯುತ್ತಲೇ ಕೇಳಿದ:

“ಸನವಾರ ಎಷ್ಟ ಗಂಟೇಕ ಹೋಗಿದ್ರಿ ಅಲ್ಲಿಗೆ?”

“ಆತು,” ಎಂದರು ರಾಘಣ್ಣನವರು.

ನಿಜಲಿಂಗಪ್ಪ ನಿಧಾನವಾಗಿ ತಲೆ ಎತ್ತಿದ. ಅವರು ಅವನ ತುಟಿಗಳನ್ನೇ ನೋಡುತ್ತಿದ್ದರು. ನಮ್ಮ ಕಡೆಯ ‘ಆತು’ ದೊಡ್ಡ ಮಾತು. ಕೆಲಸ ಮುಗಿಯಿತು ಎಂದರೂ ಆತು, ಒಪ್ಪಿದೆ ಎಂದರೂ ಆತು, ನಿನ್ನ ಮಾತು ತಿಳಿಯಲಿಲ್ಲ, ಇನ್ನೊಮ್ಮೆ ಕೇಳಲು ನಾಚಿಕೆ ಎಂದರೂ ಆತು. ಫೆಬ್ರುವರಿಯಲ್ಲಿ ಜೀಪು ತೋರಿಸಲು ಬಂದಾಗಲೂ ಅವರು ಎಲ್ಲದಕ್ಕೂ ಆತು ಎಂದಿದ್ದು ಅವನಿಗೆ ನೆನಪಾಯಿತು. ವಯಸ್ಸಾಯಿತು, ಬಿಗುಮಾನ ಬಂದಿದೆ ಎಂದುಕೊಂಡು ಅಂದು ನಕ್ಕು ಹೋಗಿದ್ದ.

ಹತ್ತೂವರೆಗೆ ಅವನೂ ಸೋಮಣ್ಣನೂ ಬ್ಯಾಡಗಿಯಲ್ಲಿದ್ದರು. ಮೆಣಸಿನಕಾಯಿ ಘಾಟಿಗೆ ಸೋಮಣ್ಣ ಸೀನುತ್ತಲೇ ಪೇಟೆಯೊಳಗೆ ನಡೆದ. ಮೊದಲೆಲ್ಲ ರಾಘಣ್ಣನವರ ಹತ್ತಿರವೇ ಲಾರಿ ತೋರಿಸುತ್ತಿದ್ದು ಈಚೆಗೆ ಬಿಟ್ಟಿದ್ದಾನೆಂದು ಸೋಮಣ್ಣ ಹೇಳಿದ್ದ ಚಂದ್ರಶೇಖರ ತನ್ನ ಅಡತಿ ಅಂಗಡಿಯ ಗಾದಿಯ ಮೇಲಿದ್ದ.

“ಎರಡ ವರ್ಷದಿಂದ ಅವರ ಕಡೆ ಲಾರಿ ಒಯ್ದಿಲ್ಲಂತ. ಯಾಕ?”

ಚಂದ್ರಶೇಖರ ಕೈಯಲ್ಲಿದ್ದ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತ.

“ಹೇಳ್ರಿ.”

“ಕಿವಿ ಹೋಗ್ಯಾವ್ರಿ ಅವರವು. ಒಮ್ಮೆ ಸ್ಪ್ರಿಂಗಿನ ಪಾಟಾ ಒಡದಿದ್ರೂ ಸರಿ ಅದ ಅಂದ್ರು. ನನ್ನ ಡ್ರೈವರ್‌ಗೆ ಅದು ಒಡದ ಸಪ್ಪಳ ಕೇಳಿತ್ತು, ಅವರಿಗೆ ಕೇಳ್ಲಿಲ್ಲ.”

“ಮತ್ತ ಅವರಿಗೆ ಹೇಳ್ಲಿಲ್ಲ?”

“ಹೆಂಗ ಹೇಳೂದ್ರಿ? ಹಿರ್‍ಯಾರು. ನನ್ನ ಮೊದಲ್ನೇ ಲಾರೀಗೆ ಕಾಯಿ ಒಡಸಿದಾವ್ರು. ಗೊತ್ತಿದ್ದಾವ್ರೆಲ್ಲಾ ಸುಮ್ನ ಹೋಗೂದು ಬಿಟ್ವಿ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕ. ಆದರೆ ಗುತ್ತಲದ ಅಂಬಿಗರಿಗೆ ಗೊತ್ತಿರಲಿಲ್ಲ. ಊರಿನ ಮರ್ಯಾದೆಗೆ ಹೊರಗಿನವನೊಬ್ಬ ಜೀವ ತೆತ್ತ ಎಂದು ನಿಜಲಿಂಗಪ್ಪನಿಗೆ ಸಿಟ್ಟು ಬಂತು. ತಾನೂ ಆ ಮರ್ಯಾದಸ್ಥರಲ್ಲಿ ಒಬ್ಬ ಎಂದು ಹೊಳೆದಾಗ ಸಿಟ್ಟು ಹೋಗಿ ಬರೀ ಸಂಕಟ ಉಳಿಯಿತು.

ಮಧ್ಯಾಹ್ನ 1.30. ಠಾಣೆಯ ಹಿಂದಿನ ಅಂಗಳದಲ್ಲಿ ಇಬ್ಬರು ಪಂಚರನ್ನು ನಿಲ್ಲಿಸಿ, ಇಮಾಮಸಾಬನ ಅಂಗಡಿಯಿಂದ ತರಿಸಿದ ಎರಡು ಅಚ್ಚಿನ ತುಂಡುಗಳನ್ನು ಬೇವಿನ ಟೊಂಗೆಗೆ ಹಗ್ಗದಿಂದ ತೂಗುಬಿಟ್ಟರು. ಒಂದು ಗಟ್ಟಿ, ಒಂದಕ್ಕೆ ಸೀಳು. ಸೀಳಿಗೆ ಗ್ರೀಸು ಮೆತ್ತಿತ್ತು. ರಾಘಣ್ಣನವರನ್ನು ಕರೆಸಿದರು. ವೆಂಕೂಬಾಯಿಯನ್ನು ಒಳಗೆ ಬೆಂಚಿನ ಮೇಲೆ ಕೂರಿಸಿದರು.

ನಿಜಲಿಂಗಪ್ಪ ಎದುರು ನಿಂತು ಬಾಯಿಬಿಟ್ಟು ಹೇಳಿದ: “ರಾಘಣ್ಣಾರ, ಇವೆರಡನ್ನೂ ಬಡದು ನೋಡ್ರಿ.”

ಅವರು ಜೇಬಿನಿಂದ ಸುತ್ತಿಗೆ ತೆಗೆದರು. ಹಿಡಿಕೆ ಬೆರಳಿನ ಗುರುತು ಬಿದ್ದು ನುಣುಪಾಗಿತ್ತು. ಮೊದಲನೆಯದಕ್ಕೆ ಬಡಿದರು. ಟಣ್ಣೆಂದ ಸಪ್ಪಳ ಕಾಂಪೌಂಡಿನಾಚೆಗೂ ಹೋಯಿತು. ಎರಡನೆಯದಕ್ಕೆ ಬಡಿದರು. ಒಡಕು ಗಡಿಗೆಯ ಹಾಗೆ ಬದ್ ಎಂದಿತು. ಪಂಚರಲ್ಲೊಬ್ಬ ತಡೆಯಲಾರದೆ ಅಯ್ಯೋ ಎಂದ.

ರಾಘಣ್ಣನವರು ಎಂದಿನಂತೆ ಕಣ್ಣು ಮುಚ್ಚಿದ್ದರು. ತೆರೆದು ಎಲ್ಲರ ಮುಖ ನೋಡಿದರು. ಸೀಮೆಸುಣ್ಣ ತೆಗೆದು ಮೊದಲನೆಯದರ ಮೇಲೆ ಸುತ್ತು ಬರೆದರು. ಎರಡನೆಯದರ ಮೇಲೆ ಅರ್ಧ ಸುತ್ತು ಬರೆದವರು, ಸೋಮಣ್ಣ ಮುಖ ತಿರುಗಿಸಿದ್ದನ್ನು ಕಂಡು ಅಲ್ಲೇ ನಿಲ್ಲಿಸಿದರು. ಸುಣ್ಣದ ಕಡ್ಡಿಯನ್ನು ಜೇಬಿಗೆ ಹಾಕಿಕೊಂಡರು.

“ಇಮಾಮಸಾಬ ಹೇಳಿದ್ನೇನು?” ಎಂದರು ಕೊನೆಗೆ, ಬಹಳ ಸಣ್ಣ ದನಿಯಲ್ಲಿ. “ಖರೇನ ಹೇಳಿದ್ನೇನು ನನಗ?”

ನಿಜಲಿಂಗಪ್ಪ ತಲೆಯಾಡಿಸಿದ.

“ಮತ್ತ ಪಾಪ ಅವನ್ನ ಯಾಕ ಹಿಡದೀರಿ? ಬಿಡ್ರಿ ಅವನ್ನ. ಲಗೂ ಬಿಡ್ರಿ.”

2.10ಕ್ಕೆ ಇಮಾಮಸಾಬನನ್ನು ಬಿಟ್ಟರು. ಅವನು ಅಂಗಳದಲ್ಲಿದ್ದ ಹಿರಿಯರನ್ನು ಕಂಡು, ಬೈಯಬೇಕೋ ಕೈಮುಗಿಯಬೇಕೋ ತಿಳಿಯದೆ ಒಂದು ಗಳಿಗೆ ನಿಂತ. ಸೈದಾಬಿ ತೋಳು ಹಿಡಿದು ಎಳೆದುಕೊಂಡು ಹೋದಳು. 2.30ಕ್ಕೆ ರಾಘಣ್ಣನವರ ಬಂಧನವಾಯಿತು. ಬೇಡಿಯ ಮಾತನ್ನು ಯಾರೂ ಎತ್ತಲಿಲ್ಲ. ವೆಂಕೂಬಾಯಿ ತಾವಾಗಿಯೇ ಮನೆಯಿಂದ ಹಾವೇರಿಯ ಕಿವಿ ಡಾಕ್ಟರರ ಚೀಟಿ ತರಿಸಿ ಕೊಟ್ಟರು. ಅದನ್ನು ಜಪ್ತಿ ಮಾಡಲಾಯಿತು. ಚೀಟಿಯ ತಾರೀಖು 1991ರ ಜುಲೈ. ಊರವರಿಗೆ ಗೊತ್ತಾಗದಿರಲಿ ಎಂದೇ ಹಾವೇರಿಗೆ ಹೋಗಿದ್ದರಂತೆ.

ರಾಘಣ್ಣನವರ ಹೇಳಿಕೆಯನ್ನು ನಿಜಲಿಂಗಪ್ಪ ಬೇರೆಯವರಿಗೆ ಬಿಡದೆ ತಾನೇ ಬರೆದುಕೊಂಡ. ಕೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದು ತೋರಿಸಿದ.

ಯಾಕೆ ಮುಚ್ಚಿಟ್ಟಿರಿ ಎಂಬ ಚೀಟಿಯನ್ನು ಅವರು ಓದಿದರು.

“ರಿಟೈರ್ ಆದ ಮ್ಯಾಲ ಮನೀಗೆ ಯಾರ ಬರ್ತಾರ ಹೇಳ್ರಿ? ನನ್ನ ಮನಿ ಮುಂದ ದಿನಾ ಒಂದ ಗಾಡಿ ನಿಂತಿರ್ತಿತ್ತು. ‘ರಾಘಣ್ಣಾರ, ಒಮ್ಮೆ ಬಡದು ನೋಡ್ರಿ’ ಅಂತಿದ್ರು. ಕಿವಿ ಹೋದ್ವು ಅಂದ್ರ ಅದೂ ಹೋಗ್ತದ. ಮೊದಮೊದಲು ಕೈಯಾಗ ನಡುಕ ತಿಳೀತಿತ್ತು. ಅದರ ಮ್ಯಾಲ ಹೇಳತಿದ್ದೆ. ಆಮ್ಯಾಲ ಅದೂ ತಿಳೀದಂಗಾತು. ಮಂದಿ ಮುಖಾ ನೋಡಿ ಹೇಳಲಿಕ್ಕೆ ಹತ್ತಿದೆ.” ಚೀಟಿ ಮಡಚಿಡುತ್ತ, “ಆ ಹುಡುಗಗ ಮಕ್ಕಳ ಅದಾವೇನು?” ಎಂದರು.

ಲಕ್ಷ್ಮಪ್ಪನಿಗೆ ಇಬ್ಬರು ಹೆಣ್ಣುಮಕ್ಕಳಿದ್ದರು. ನಿಜಲಿಂಗಪ್ಪ ಎರಡು ಬೆರಳು ತೋರಿಸಿದ.

ಹೇಳಿಕೆ ಮುಗಿಯಿತು. ಪ್ರತಿ ಹೇಳಿಕೆಯ ಕೆಳಗೆ ಒಂದು ಸಾಲು ಬರಲೇಬೇಕು. ಇಪ್ಪತ್ತು ವರ್ಷದ ನೌಕರಿಯಲ್ಲಿ ನಿಜಲಿಂಗಪ್ಪನ ಕೈ ಅದನ್ನು ತಾನಾಗಿ ಬರೆಯುತ್ತಿತ್ತು. ‘ಓದಿ ಹೇಳಿದ್ದನ್ನು ಕೇಳಿದೆ, ಸರಿ ಇದೆ.’ ಬರೆದ. ರೂಢಿಯಂತೆ ಮೇಲಿನಿಂದ ಕೆಳಗಿನವರೆಗೆ ಗಟ್ಟಿಯಾಗಿ ಓದಿದ. ಓದುವಾಗ ಅವನ ಮುಖ ಕಾಗದದ ಮೇಲೆ ಬಗ್ಗಿತ್ತು.

“ಆತು,” ಎಂದರು ರಾಘಣ್ಣನವರು, ಸಹಿ ಮಾಡಲು ಪೆನ್ನಿಗೆ ಕೈ ಚಾಚಿ.

ನಿಜಲಿಂಗಪ್ಪ ಪೆನ್ನು ಕೊಡಲಿಲ್ಲ. ಕೊನೆಯ ಸಾಲನ್ನು ಹೊಡೆದು ಹಾಕಿ, ಪಕ್ಕದಲ್ಲಿ ತನ್ನ ಚಿಕ್ಕ ಸಹಿ ಹಾಕಿ, ಕೆಳಗೆ ಹೊಸದಾಗಿ ಬರೆದ: ‘ನಾನೇ ಕಣ್ಣಾರೆ ಓದಿಕೊಂಡಿದ್ದೇನೆ, ಸರಿ ಇದೆ.’ ಆಮೇಲೆ ಕಾಗದವನ್ನು ಅವರ ಕಡೆ ತಿರುಗಿಸಿ ಇಟ್ಟು, ಅವರು ಕನ್ನಡಕ ಹಾಕಿಕೊಂಡು ಮೊದಲ ಅಕ್ಷರದಿಂದ ಓದಿ ಮುಗಿಸುವ ತನಕ ಕಾಯುತ್ತ ಕೂತ.