ಪೀಚ್ ಹಣ್ಣಿನ ಮೇಲೆ ಹೊರಿಸಿದ ತಪ್ಪು

"ನೀವು ಕೊಟ್ಟಿದ್ದು ಹಣ್ಣೋ, ನೀರೋ?!"

ಬೇಕರಿಯ ಹುಡುಗಿ ಮಫಿನ್ ತಟ್ಟೆಯನ್ನು ಪೀಚ್ ತೋಟದ ಯುವಕನ ಮುಂದೆ ಕುಕ್ಕಿದಳು. ಗಿರಾಕಿಗಳೆಲ್ಲ ತಿರುಗಿ ನೋಡಿದರು. ಅವರಿಬ್ಬರ ಮೊದಲ ಭೇಟಿಯೇ ಹೀಗಾಯಿತು!

ಅವನು ಒಂದು ಮಫಿನ್ ಮುರಿದು ನೋಡಿದ. ಒಳಗೆ ಪೀಚ್ ಹೋಳುಗಳ ಸುತ್ತ ಹಸಿ ಹಿಟ್ಟು, ಅಂಟಂಟು. ಆದರೂ ಬಾಯಿಗೆ ಹಾಕಿಕೊಂಡು ಪೂರ್ತಿ ತಿಂದ.

"ಕ್ಷಮಿಸಿ... ನಮ್ಮ ತೋಟದ ಹಣ್ಣು ಹೀಗಾಗುತ್ತೆ ಅಂದ್ಕೊಂಡಿರಲಿಲ್ಲ."

ಅವನ ಕಣ್ಣಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ. ಆ 'ಕ್ಷಮಿಸಿ' ಎಂಬ ಮಾತು ಅವಳ ಎದೆಯನ್ನು ಚುಚ್ಚಿತು.

ಯಾಕೆಂದರೆ ತಪ್ಪು ಹಣ್ಣಿನದಲ್ಲ, ಅವಳದು! ಬೆಳಗ್ಗೆ ಇನ್ನೊಂದು ಚೂರು ಮಲಗುವ ಆಸೆಗೆ ಹಿಂದಿನ ಸಂಜೆಯೇ ಪೀಚ್ ಹೆಚ್ಚಿ, ಸಕ್ಕರೆ ಬೆರೆಸಿಟ್ಟಿದ್ದಳು. ಎದ್ದು ನೋಡಿದರೆ ಪಾತ್ರೆ ತುಂಬ ರಸ. ಚೆಲ್ಲಲು ಮನಸ್ಸು ಬಾರದೆ ಅಷ್ಟನ್ನೂ ಹಿಟ್ಟಿಗೆ ಸುರಿದಿದ್ದಳು. ಹಿಟ್ಟು ಕಲಸಿದ ಮೇಲೆಯೇ ಹಣ್ಣು ಹೆಚ್ಚಬೇಕು ಎಂಬುದು ಬೇಕರಿ ನಡೆಸುವ ಚಿಕ್ಕಮ್ಮನ ಕಟ್ಟಪ್ಪಣೆ. ಅವರು "ಇದೇನೇ ಇದು?" ಎಂದು ಗದರಿದಾಗ, "ಹಣ್ಣೇ ಸರಿಯಿಲ್ಲ" ಎಂದುಬಿಟ್ಟಳು.

ಚಿಕ್ಕಮ್ಮ ಅವತ್ತೇ ಅವನ ಹಣ್ಣು ಕೊಳ್ಳುವುದನ್ನು ನಿಲ್ಲಿಸಿದರು. ಹುಡುಗಿ 'ನಾಳೆ ಹೇಳ್ತೀನಿ...' ಎಂದುಕೊಳ್ಳುತ್ತಲೇ ದಿನ ದೂಡಿದಳು.

ಅವನು ಮಾತ್ರ ಬರುವುದನ್ನು ಬಿಡಲಿಲ್ಲ. ದಿನಾ ಒಂದೆರಡು ಹಣ್ಣು ಹಿಡಿದು ನಿಲ್ಲುತ್ತಿದ್ದ.

"ಮರಕ್ಕೆ ನೀರು ಕಮ್ಮಿ ಮಾಡಿದೀನಿ. ಈಗ ರುಚಿ ನೋಡಿ."

ಅಷ್ಟು ಸಿಹಿಯಾದ ಹಣ್ಣನ್ನೂ ಅವಳು ಒಂದು ಚೂರು ಕಚ್ಚಿ ಪಕ್ಕಕ್ಕಿಡುತ್ತಿದ್ದಳು.

"ಇವನು ಹಣ್ಣು ತೋರಿಸೋಕೆ ಬರ್ತಾನೋ, ನಿನ್ನ ಮುಖ ನೋಡೋಕೆ ಬರ್ತಾನೋ?" ಎಂದು ಚಿಕ್ಕಮ್ಮ ಕಿಚಾಯಿಸಿದರು.

ಅವಳ ಕೆನ್ನೆ ಕೆಂಪೇರಿತು. ಅವನು ಬರುವ ಹೊತ್ತಿಗೆ ಅವಳ ಕಣ್ಣೂ ಬಾಗಿಲಲ್ಲೇ ಇರುತ್ತಿತ್ತು. ಪ್ರೀತಿ ಹುಟ್ಟಿಬಿಟ್ಟಿತ್ತು, ಅದರ ಜೊತೆಗೇ ತಪ್ಪಿನ ನಾಚಿಕೆಯೂ! 'ಇವನನ್ನ ಇಷ್ಟಪಡೋಕೆ ನನಗೆ ಯಾವ ಮುಖ ಇದೆ?'

ಒಂದು ಮಧ್ಯಾಹ್ನ ಅವನು ಬರಿಗೈಯಲ್ಲಿ ಬಂದ.

"ನಾಳೆ ಪೀಚ್ ಮರಗಳನ್ನ ಕಡಿಸ್ತಿದೀನಿ. ಅಪ್ಪ ನೆಟ್ಟಿದ್ದು... ಆದ್ರೆ ನಿಮಗೇ ಹಿಡಿಸದ ಹಣ್ಣು ಇನ್ಯಾರಿಗೆ ಬೇಕು?"

"ಬೇಡ! ಕಡಿಸ್ಬೇಡಿ!" ಅವಳು ಕೂಗಿಬಿಟ್ಟಳು. "ತಪ್ಪು ನಂದು. ಹಿಂದಿನ ದಿನಾನೇ ಹೆಚ್ಚಿ ಸಕ್ಕರೆ ಹಾಕಿಟ್ಟಿದ್ದೆ. ಚಿಕ್ಕಮ್ಮನಿಗೆ ಹೆದರಿ ಸುಳ್ಳು ಹೇಳಿದೆ. ನಿಮ್ಮ ಹಣ್ಣು ಯಾವತ್ತೂ ಚೆನ್ನಾಗೇ ಇತ್ತು!"

ಚಿಕ್ಕಮ್ಮ ಹಣೆ ಚಚ್ಚಿಕೊಂಡರು.

"ನೀರಿಲ್ಲದೆ ಎಲೆಯೆಲ್ಲ ಬಾಡಿದೆ. ಮರದ ಹತ್ರ ನಿಂತು ದಿನಾ ಬೈತಿದ್ದೆ ನಾನು..." ಎಂದು ಅವನು ಹೊರಟುಹೋದ.

ಅವಳು ಕುಸಿದು ಬಿಕ್ಕಿದಳು.

"ಅಳ್ತಾ ಕೂತ್ರೆ ಮರ ಚಿಗುರುತ್ತೇನೇ? ಎದ್ದು ಹೋಗು!" ಚಿಕ್ಕಮ್ಮನ ಗದರಿಕೆಯಲ್ಲಿ ಅಕ್ಕರೆಯೂ ಇತ್ತು.

ಸಂಜೆ ಅವನು ತೋಟಕ್ಕೆ ಬಂದಾಗ ಅವಳು ತೊಟ್ಟಿಯಿಂದ ಬಕೆಟ್‌ನಲ್ಲಿ ನೀರು ಹೊತ್ತು ಮರದ ಬುಡಕ್ಕೆ ಸುರಿಯುತ್ತಿದ್ದಳು. ಬಟ್ಟೆಯೆಲ್ಲ ಕೆಸರು, ಅಂಗೈಯೆಲ್ಲ ಬೊಬ್ಬೆ.

"ನನ್ನ ಕ್ಷಮಿಸ್ತೀರಾ?"

"ನನ್ನ ಕೇಳ್ಬೇಡಿ. ಬೈಸಿಕೊಂಡಿದ್ದು ಈ ಮರ, ಇದನ್ನ ಕೇಳಿ."

ಅವಳು ನಿಜವಾಗಿಯೂ ಕಾಂಡದ ಮೇಲೆ ಕೈಯಿಟ್ಟು, ಕಣ್ಣೀರಿಡುತ್ತ ಕ್ಷಮೆ ಕೇಳಿದಳು. ಅವನ ಸಿಟ್ಟು ಅಲ್ಲಿಗೇ ಕರಗಿತು.

"ಏನಂತೆ?"

"ಮಾತೇ ಆಡ್ತಿಲ್ಲ..."

"ಕೋಪ ಇನ್ನೂ ಹೋಗಿಲ್ಲ. ದಿನಾ ಬಂದು ನೀರು ಹಾಕ್ಬೇಕಾಗುತ್ತೆ." ಅವನು ಅವಳ ಕೈಯಿಂದ ಬಕೆಟ್ ತೆಗೆದುಕೊಂಡ.

"ಎಲ್ಲೀವರೆಗೆ?"

"ನಾನು ಸಾಕು ಅನ್ನೋವರೆಗೆ."

"ಯಾವಾಗ ಸಾಕು ಅಂತೀರಿ?"

ಅವನು ಅವಳ ಬೊಬ್ಬೆಯೆದ್ದ ಅಂಗೈಯನ್ನು ಮೆಲ್ಲಗೆ ಹಿಡಿದ.

"ಅನ್ನಲ್ಲ."