ಹನ್ನೆರಡು ಗಾಜು, ಹದಿನಾಲ್ಕು ಕುಂಡ

ಬೆಳಿಗ್ಗೆ ಏಳಕ್ಕೆ ಉದ್ಯಾನದ ಗಾಜಿನ ಮನೆಯ ಬೀಗ ತೆಗೆದ ಮಾಲಿ ಅಜ್ಜ ಹೊಸ್ತಿಲಲ್ಲೇ ಕುಸಿದು ಕೂತ. ಚಾವಣಿಯ ಹನ್ನೆರಡು ಗಾಜು ಪುಡಿಪುಡಿಯಾಗಿ ಕೆಳಗೆ ಬಿದ್ದಿದ್ದವು.

ವಿಕ್ಟೋರಿಯಾ ರಾಣಿಯ ಕಾಲದ ಕಟ್ಟಡ. ಜನರಿಗೆ ಬಾಗಿಲು ಮುಚ್ಚಿ ಹತ್ತೊಂಬತ್ತು ವರ್ಷ. ಒಳಗೆ ಹದಿನಾಲ್ಕು ಕುಂಡಗಳಲ್ಲಿ ಆ ಕಾಲದ ಗಿಡಗಳ ತಳಿಯನ್ನು ಅಜ್ಜನೊಬ್ಬನೇ ಜೀವ ತೇಯ್ದು ಉಳಿಸಿಕೊಂಡಿದ್ದ. ಹನ್ನೊಂದಕ್ಕೆ ಕಟ್ಟಡದ ಗತಿ ತೀರ್ಮಾನಿಸುವ ಸಮಿತಿ ಬರಲಿತ್ತು. ಗಟ್ಟಿ ಎಂದರೆ ದುರಸ್ತಿ, ಅಪಾಯ ಎಂದರೆ ನೆಲಸಮ.

ಉದ್ಯಾನದ ಮೇಲ್ವಿಚಾರಕ, ವಿಚಾರಣೆಗೆ ಬಂದ ಪೊಲೀಸ್ ಇನ್‌ಸ್ಪೆಕ್ಟರಮ್ಮನಿಗೆ ಕಾರಣವನ್ನೂ ಸಿದ್ಧಮಾಡಿಟ್ಟಿದ್ದ. ಅಜ್ಜ ಮೇಲಿನ ಕಿಟಕಿ ಮುಚ್ಚಲು ಮರೆತಿದ್ದಾನೆ, ಗಾಳಿಗೆ ಬಡಿದು ಒಡೆದಿದೆ. ತಾನಂತೂ ವರ್ಷಗಳಿಂದ ಒಳಗೆ ಕಾಲಿಟ್ಟಿಲ್ಲ ಎಂದು ಕೇಳದೆಯೇ ಹೇಳಿದ.

*

ಇನ್‌ಸ್ಪೆಕ್ಟರ್ ಕಿಟಕಿ ತೆರೆಯುವ ಚಕ್ರ ನೋಡಿದರು. ತುಕ್ಕು ಹಿಡಿದಿತ್ತು. ಮೇಲಿನ ಜೇಡರ ಬಲೆಯೂ ಹರಿದಿರಲಿಲ್ಲ. ಗಾಳಿಯ ಕಥೆ ಅಲ್ಲಿಗೆ ಮುಗಿಯಿತು.

ಮೇಜಿನ ಮೇಲೆ ಕುಂಡಗಳ ಹದಿನಾಲ್ಕು ದುಂಡು ಗುರುತು, ಗುರುತಿನೊಳಗೂ ಗಾಜಿನ ಚೂರು. ಕುಂಡಗಳು ಮಾತ್ರ ಮೂಲೆಯ ಎತ್ತರದ ಹಲಗೆಯ ಮೇಲೆ ಒಂದೆಲೆಯೂ ಮುಕ್ಕಾಗದೆ ಕೂತಿದ್ದವು.

"ಅಜ್ಜನೇ ಮೇಡಂ," ಎಂದ ಕಾನ್‌ಸ್ಟೇಬಲ್. "ಒಡೆಯೋ ಮುಂಚೆ ಗಿಡ ಎತ್ತಿಡೋಕೆ ಇನ್ಯಾರಿಗೆ ಕರುಳು ಚುರ್ ಅನ್ನುತ್ತೆ?"

ಇನ್‌ಸ್ಪೆಕ್ಟರ್ ಒಂದು ಕುಂಡ ಇಳಿಸಲು ಅಜ್ಜನಿಗೆ ಹೇಳಿದರು. ಅಜ್ಜನ ಕೈ ಹೆಗಲ ಮಟ್ಟಕ್ಕೆ ಬಂದು ನಿಂತಿತು. ಟೋಪಿ ತೆಗೆಯಲೂ ತಲೆ ಬಗ್ಗಿಸಬೇಕಾದ ಮನುಷ್ಯ.

ಪ್ರತಿ ಕುಂಡಕ್ಕೂ ಒಂದು ಸುಣ್ಣದ ಗೆರೆ ಇತ್ತು. ಎಲ್ಲವೂ ಪೂರ್ವಕ್ಕೆ ತಿರುಗಿದ್ದವು.

"ಬಿಸಿಲು ನೋಡೋ ಮೈ ಅದು," ಎಂದ ಅಜ್ಜ. "ಎಲ್ಲಿಟ್ಟರೂ ಆ ಕಡೆಗೇ ತಿರುಗಿಸಿ ಇಡಬೇಕು. ನಾನು ಮಾಡಿಕೊಂಡ ಪದ್ಧತಿ."

"ಯಾರಿಗೆ ಕಲಿಸಿದ್ದೀರಿ?"

ಒಬ್ಬನಿಗೆ ಎಂದ ಅಜ್ಜ. ಯಾರೆಂದು ಹೇಳಲಿಲ್ಲ.

*

ಹನ್ನೊಂದಕ್ಕೆ ಸಮಿತಿ ಬಂತು. ಇನ್‌ಸ್ಪೆಕ್ಟರ್ ಮೇಲ್ವಿಚಾರಕನಿಗೆ ಒಂದು ಕುಂಡ ಇಳಿಸಿ ಮೇಜಿನ ಮೇಲಿಡಲು ಹೇಳಿದರು. ಆತ ಇಟ್ಟ. ಇಟ್ಟ ಕೈ ತಾನಾಗಿ ಸುಣ್ಣದ ಗೆರೆಯನ್ನು ಪೂರ್ವಕ್ಕೆ ತಿರುಗಿಸಿತು.

"ಅಜ್ಜ ಕಲಿಸಿದ ಒಬ್ಬನೇ ಶಿಷ್ಯ ನೀವು, ಅಲ್ವಾ?" ಎಂದರು ಇನ್‌ಸ್ಪೆಕ್ಟರ್. "ಬೀಗ ಮುರಿದಿಲ್ಲ. ಎರಡನೇ ಕೀ ಇರೋದು ನಿಮ್ಮ ಮೇಜಿನಲ್ಲಿ. ಆ ಹಲಗೆ ಅಜ್ಜನ ಕೈಗೆ ಎಟುಕಲ್ಲ."

ಆತನ ಮುಖ ಕಪ್ಪಿಟ್ಟಿತು. ಕಟ್ಟಡ ಉರುಳಿದರೆ ಆ ಜಾಗದಲ್ಲಿ ತನಗೊಂದು ಹೊಸ ಕಚೇರಿ ಎಂಬ ಆಸೆಗೆ ಕೋಲಿನಿಂದ ಗಾಜು ಒಡೆದೆ ಎಂದು ಒಪ್ಪಿಕೊಂಡ.

ಸಮಿತಿಯ ಅಧ್ಯಕ್ಷೆ ಕಬ್ಬಿಣದ ಕಂಬಗಳನ್ನು ತಟ್ಟಿ ನೋಡಿದರು. ಗಟ್ಟಿಯಾಗಿವೆ, ಗಾಜು ಹಾಕಿಸಿದರೆ ಸಾಕು ಎಂದರು. ಅಜ್ಜನ ಕಣ್ಣು ತುಂಬಿ ಬಂತು.

ಶಿಷ್ಯನನ್ನು ಕರೆದೊಯ್ಯುವಾಗ ಅಜ್ಜ ಇನ್‌ಸ್ಪೆಕ್ಟರ್ ಹತ್ತಿರ ಬಂದ.

"ಶಿಕ್ಷೆ ಆಗಲಿ ಮೇಡಂ. ಮುಗಿದ ಮೇಲೆ ಇಲ್ಲಿಗೇ ಕಳಿಸಿ. ಹಾಳುಮಾಡೋಕೆ ಬಂದವನು ಮೊದಲು ಗಿಡ ಎತ್ತಿಟ್ಟಿದ್ದಾನೆ. ಮಾಲಿ ಇನ್ನೂ ಅವನೊಳಗಿದ್ದಾನೆ."