ಊರಿನ ನಂಬರಿನಿಂದ ಬಂದ ಸುಳ್ಳು

ಬ್ರೇಕ್ ಒತ್ತಿದ್ದು ನಾನು. ಅವಳಲ್ಲ!

ಸಿಗ್ನಲ್ ಹಸಿರಾಗಿತ್ತು. ಆದರೂ ಒಬ್ಬ ಮುದುಕ ಇನ್ನೂ ರಸ್ತೆಯ ನಡುವೆ ಇದ್ದ. ಸ್ಟಿಯರಿಂಗ್ ಹಿಡಿದಿದ್ದ ನನ್ನ ಶಿಷ್ಯೆ ಮಡಿಲಲ್ಲಿ ಬಿಚ್ಚಿಟ್ಟುಕೊಂಡ ಕಾಗದದಿಂದ ಕಣ್ಣು ಕೀಳದೆ ಗಾಡಿಯನ್ನು ಮುಂದಕ್ಕೆ ಬಿಟ್ಟಳು. ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಕಲಿಸುವವನ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಇಲ್ಲದಿದ್ದರೆ ಆ ಮುದುಕನ ಕಥೆ ಅಲ್ಲೇ ಮುಗಿಯುತ್ತಿತ್ತು.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಗಾಡಿಯನ್ನು ಪಕ್ಕಕ್ಕೆ ಹಾಕಿಸಿ ಬೈಯಲು ಬಾಯಿ ತೆರೆದವನು ಅವಳ ಮುಖ ನೋಡಿ ಸುಮ್ಮನಾದೆ.

"ಮೇಷ್ಟ್ರೇ, ನಾನು ಕಳ್ಳಿಯಂತೆ."

ಕಾಗದವನ್ನು ನನ್ನ ಕೈಗೆ ಕೊಟ್ಟಳು. ತೆರಿಗೆ ಇಲಾಖೆಯ ನೋಟಿಸು. 'ವಿದೇಶದಲ್ಲಿರುವ ನಿಮ್ಮ ಬ್ಯಾಂಕ್ ಖಾತೆಯನ್ನು ಬೇಕೆಂದೇ ಮುಚ್ಚಿಟ್ಟಿದ್ದೀರಿ. ಅದರ ಮೂಲಕ ಭಾರಿ ಮೊತ್ತ ಹರಿದಿದೆ. ವಿವರಣೆ ಕೊಡಿ.' ಅದರ ಕೆಳಗೆ ಇನ್ನೊಂದು ಸಾಲು: ವಿವರಣೆ ಒಪ್ಪಿಗೆಯಾಗದಿದ್ದರೆ ವಿಷಯ ವಲಸೆ ಕಚೇರಿಗೆ ಹೋಗುತ್ತದೆ.

ಈ ಹುಡುಗಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಾಳೆ. ಅದಕ್ಕೇ ನಮ್ಮ ಬೀದಿಯಲ್ಲಿ ಎಲ್ಲರಿಗೂ ಅವಳು 'ಎಕ್ಸ್‌ರೇ'. ಊರಿನಿಂದ ಈ ದೇಶಕ್ಕೆ ಬಂದು ಎರಡನೇ ವರ್ಷ. ಇಲ್ಲೇ ಕಾಯಂ ಆಗಿ ಇರುವುದಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದಾಳೆ. ಈ ಕಳಂಕ ಅಂಟಿತೆಂದರೆ ಅರ್ಜಿ ಬಿದ್ದುಹೋಗುತ್ತದೆ, ಕೆಲಸವೂ ಹೋಗುತ್ತದೆ, ಗಂಟು ಮೂಟೆ ಕಟ್ಟಬೇಕಾಗುತ್ತದೆ.

"ಖಾತೆ ಇರೋದು ನಿಜವಾ?" ಎಂದೆ.

"ನಿಜ. ಓದುವಾಗ ಸ್ಟೈಪೆಂಡ್‌ಗೆ ಅಂತ ಮಾಡಿಸಿದ್ದು. ಅದರಲ್ಲಿ ಇದ್ದದ್ದು ಒಂದು ಜೊತೆ ಚಪ್ಪಲಿಗಾಗೋಷ್ಟು. ಅದನ್ನೂ ನಾನು ಬಾಯಿಬಿಟ್ಟು ಹೇಳಿದ್ದೆ, ಮೇಷ್ಟ್ರೇ!"

ಅವಳನ್ನು ನೇರವಾಗಿ ನಮ್ಮ ಮನೆಗೆ ಕರೆದುಕೊಂಡು ಹೋದೆ. ಮನೆಯಲ್ಲಿ ನನ್ನ ಅಕ್ಕ ಇದ್ದಳು.

ಅಕ್ಕ ವಿಮಾ ಕಂಪನಿಯೊಂದರ ತನಿಖೆಗಾರ್ತಿ. ಸುಟ್ಟುಹೋದ ಅಂಗಡಿಗಳಿಗೆ ಹೋಗಿ, ಬೆಂಕಿ ತಾನಾಗಿ ಬಿತ್ತೋ ಯಾರಾದರೂ ಇಟ್ಟರೋ ಎಂದು ನೋಡುವುದು ಅವಳ ಕೆಲಸ. ಅವಳಿಗೆ ಸಿಟ್ಟು ಬರುವುದೇ ಇಲ್ಲ. ನಮ್ಮ ಮನೆಗೆ ಬೇಕಾದಷ್ಟು ಸಿಟ್ಟನ್ನು ನಾನೊಬ್ಬನೇ ಮಾಡಿಕೊಳ್ಳುತ್ತೇನೆ ಎಂದು ಅವಳು ಹೇಳುತ್ತಾಳೆ.

ಅಕ್ಕ ನೋಟಿಸನ್ನು ಓದಿ ಮಡಚಿಟ್ಟಳು.

"ಇಲ್ಲಿಗೆ ಬಂದ ದಿನವೇ ನಮ್ಮ ಊರಿನ ಬ್ಯಾಂಕು ವಿದೇಶಿ ಬ್ಯಾಂಕಾಗಿಬಿಡುತ್ತೆ. ಹೊಸಬರಿಗೆ ಅದು ತಲೆಗೇ ಹೋಗಲ್ಲ. ನಿನಗೆ ಯಾರು ಹೇಳಿದ್ರು?"

"ನನ್ನ ಅಣ್ಣ. ಅವನು ಇಲ್ಲಿ ಹತ್ತು ವರ್ಷದಿಂದ ಇದ್ದಾನೆ. ತೆರಿಗೆ ಕಾಗದ ಮಾಡಿಕೊಡೋರ ಹತ್ರ ಕಳಿಸಿದವನೂ ಅವನೇ. ಅಣ್ಣ ಇಲ್ಲದಿದ್ರೆ ನಮ್ಮ ಪಾಡು ನಾಯಿಪಾಡು ಅಕ್ಕಾ. ಏರ್‌ಪೋರ್ಟಿಗೇ ಬಂದಿದ್ದ. ಟ್ರಾಲಿ ತಳ್ಳೋಕೂ ಬಿಡಲಿಲ್ಲ. ಕಾರಲ್ಲಿ ಕೂತ ತಕ್ಷಣ ನನ್ನ ಫೋನ್ ಇಸ್ಕೊಂಡು ಇಲ್ಲಿನ ಸಿಮ್ ಹಾಕಿಕೊಟ್ಟ. ಮನೆ ನೋಡಿಕೊಟ್ಟ, ಹಾಸಿಗೆ ಕೊಡಿಸಿದ…"

"ನಿನ್ನ ಗಂಡ?"

ಎಕ್ಸ್‌ರೇ ತಲೆ ತಗ್ಗಿಸಿದಳು. "ಅವರಿಗೆ ಆ ಖಾತೆಯ ಮಾತೆತ್ತಿದ್ರೇ ಆಗಲ್ಲ. ತವರಿನ ಗಂಟು ಬಿಚ್ಚಲ್ಲ ನೀನು ಅಂತ ರೇಗ್ತಾರೆ."

ನನಗೆ ಅಷ್ಟು ಸಾಕಾಗಿತ್ತು. ಅವಳ ಗಂಡನನ್ನು ನಾನು ಬಲ್ಲೆ. ಗ್ಯಾರೇಜಿನಲ್ಲಿ ಮೆಕ್ಯಾನಿಕ್, ಮಾತೆತ್ತಿದರೆ ಜಗಳ. ಈಚೆಗೆ ಒಂದು ಹಳೆಯ ವ್ಯಾನನ್ನು ನಗದು ಕೊಟ್ಟು ಕೊಂಡಿದ್ದ. ನಗದು ಎಲ್ಲಿಂದ ಬಂತು?

"ಅಕ್ಕ, ಇದು ಅವನದೇ ಕೆಲಸ," ಎಂದೆ.

"ಬೆಂಕಿ ಎಲ್ಲಿ ಹತ್ತಿತು ಅಂತ ಮೊದಲು ನೋಡೋಣ ಕಣೋ. ಯಾರನ್ನ ಹೊಡೀಬೇಕು ಅಂತ ಆಮೇಲೆ ಯೋಚಿಸು."

ಮೂವರೂ ಹೊರಟೆವು. ತೆರಿಗೆ ಕಾಗದ ಮಾಡಿಕೊಡುವವನ ಕಚೇರಿ ಬಟ್ಟೆ ಒಗೆಯುವ ಯಂತ್ರಗಳ ಅಂಗಡಿಯ ಮೇಲಿತ್ತು. ಕೆಳಗಿನ ಯಂತ್ರಗಳು ತಿರುಗಿದಾಗಲೆಲ್ಲ ಮೇಲೆ ನೆಲ ಅದುರುತ್ತಿತ್ತು. ಮನುಷ್ಯ ನಮ್ಮ ಕಡೆಯವನೇ. ಆ ಸೆಖೆಯಲ್ಲೂ ಕುತ್ತಿಗೆ ಬಿಗಿಯುವ ಟೈ. ಬೀದಿಯವರು ಅವನಿಗಿಟ್ಟ ಹೆಸರೂ 'ಟೈ' ಎಂದೇ.

"ಇವರು ಖಾತೆ ಇದೆ ಅಂತ ಹೇಳಿರಲಿಲ್ವಾ?" ಅಕ್ಕ ಕೇಳಿದಳು.

"ಹೇಳಿದ್ರು. ನಾನು ಬರೆದೂ ಇದ್ದೆ," ಎಂದ ಟೈ. "ಖಾತೆ ಅಂದಮೇಲೆ ಆ ವರ್ಷ ಅದರಲ್ಲಿ ಅತಿ ಹೆಚ್ಚು ಎಷ್ಟು ದುಡ್ಡಿತ್ತು ಅಂತಾನೂ ತೋರಿಸಬೇಕು. ಬ್ಯಾಂಕಿಂದ ಸ್ಟೇಟ್‌ಮೆಂಟ್ ತರಿಸಿ ಅಂದಿದ್ದೆ. ಮಾರನೇ ದಿನ ಇವರೇ ಮೆಸೇಜ್ ಮಾಡಿದ್ರು: 'ವಿಚಾರಿಸಿದೆ, ಆ ಖಾತೆ ನಾನು ಬರೋಕೆ ಮುಂಚೇನೇ ಕ್ಲೋಸ್ ಆಗಿದೆ. ಬಿಟ್ಟುಬಿಡಿ.' ಬಿಟ್ಟೆ. ಸಹಿ ಮಾಡಿದ್ರು."

"ನಾನಾ?" ಎಕ್ಸ್‌ರೇ ಎದ್ದು ನಿಂತಳು. "ನಾನು ಯಾವ ಮೆಸೇಜೂ ಮಾಡಿಲ್ಲ! ಸ್ಟೇಟ್‌ಮೆಂಟ್ ಬೇಡವಾ ಅಂತ ನಾನೇ ಕೇಳಿದೆ. ಎಲ್ಲಾ ಸರಿಯಿದೆ, ಸಹಿ ಹಾಕಿ ಅಂದ್ರಿ. ನಿಮ್ಮನ್ನ ನಂಬಿ ಹಾಕಿದೆ!"

"ಇಲ್ಲೇ ಇದೆಯಲ್ಲಮ್ಮ."

ಫೋನು ತೋರಿಸಿದ. ಮೆಸೇಜಿನ ಮೇಲೆ ಅವಳ ಹೆಸರೂ ಇತ್ತು, ಫೋಟೊ ಕೂಡ. ಆದರೆ ನಂಬರು ಇಲ್ಲಿಯದಲ್ಲ. ಊರಿನದು.

"ಇದು ನನ್ನ ಹಳೇ ನಂಬರು," ಎಂದಳು ಎಕ್ಸ್‌ರೇ, ಮೆಲ್ಲಗೆ. "ಬಂದ ಮೇಲೆ ಇದನ್ನ ಬಳಸೇ ಇಲ್ಲ."

"ನಂಬರು ಬೇರೆ ಅಂತ ನಿಮಗೆ ಅನುಮಾನ ಬರಲಿಲ್ವಾ?" ಅಕ್ಕ ಟೈಯನ್ನು ಕೇಳಿದಳು.

"ಯಾಕೆ ಬರಬೇಕು ಮೇಡಂ? ಹೊಸಬರಲ್ಲಿ ಅರ್ಧ ಜನ ಊರಿನ ನಂಬರಿಂದಲೇ ಮೆಸೇಜ್ ಮಾಡ್ತಾರೆ."

"ಒಂದು ಫೋನ್ ಮಾಡಿ ಕೇಳೋಕೆ ನಿನ್ನ ಗಂಟೇನು ಹೋಗ್ತಿತ್ತಯ್ಯಾ?" ಎಂದು ನಾನು ಕೂಗಿದೆ. "ಬಾಯಿಬಿಟ್ಟು ಹೇಳಿದವಳ ಮಾತಿಗಿಂತ ಯಾವನೋ ಕುಟ್ಟಿದ ಎರಡು ಸಾಲು ಹೆಚ್ಚಾಯ್ತಾ ನಿನಗೆ?"

ಟೈ, ಸಹಿ ಇದೆಯಲ್ಲ ಎಂದಷ್ಟೇ ಗೊಣಗಿ ಕೈ ತೊಳೆದುಕೊಂಡ. ಅಕ್ಕ ನನ್ನ ತೋಳು ಹಿಡಿದು ಮೆಟ್ಟಿಲಿಳಿಸಿದಳು.

ಭಾನುವಾರ ಎಕ್ಸ್‌ರೇ ಮನೆಯಲ್ಲಿ ಎಲ್ಲರೂ ಸೇರಿದೆವು. ಗಂಡ ಕಿಟಕಿಯ ಬಳಿ ಕೈಕಟ್ಟಿ ನಿಂತಿದ್ದ, ಮುಖ ಗಂಟು ಹಾಕಿಕೊಂಡು. ಅವಳ ಅಣ್ಣ ಹಣ್ಣಿನ ಚೀಲ ಹಿಡಿದು ಬಂದ. ಮೆತ್ತನೆಯ ಮಾತು, ಇಸ್ತ್ರಿ ಮಾಡಿದ ಅಂಗಿ. ತಂಗಿಯ ತಲೆ ಸವರಿ, "ಹೆದರಬೇಡ ಪುಟ್ಟಿ. ದಂಡ ಎಷ್ಟಾದ್ರೂ ಆಗಲಿ, ನಾನಿದ್ದೀನಿ," ಎಂದ. ಇಂಥ ಅಣ್ಣ ನನಗಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಯಿತು.

ಅಕ್ಕ ಮೊದಲು ಗಂಡನ ಕಡೆ ತಿರುಗಿದಳು.

"ವ್ಯಾನಿಗೆ ದುಡ್ಡು ಎಲ್ಲಿಂದ ಬಂತು?"

"ಅದನ್ನ ಕೇಳೋಕೆ ನೀವ್ಯಾರು?"

"ನಿಮ್ಮ ಹೆಂಡತಿ ಕಳ್ಳಿ ಅಲ್ಲ ಅಂತ ನಂಬಿರೋಳು. ನೀವು?"

ಗಂಡ ಕೆಂಡವಾದ. "ಭಾನುವಾರ ಭಾನುವಾರ ಬೇರೆಯವರ ಗಾಡಿ ರಿಪೇರಿ ಮಾಡಿದ್ದೀನಿ ಕಣ್ರೀ! ನನ್ನ ಬೆನ್ನು ಬಿದ್ದುಹೋಗಿದೆ! ಗ್ಯಾರೇಜ್ ಯಜಮಾನನ್ನ ಕೇಳಿ. ಇವಳ ಖಾತೇಲಿ ಎಷ್ಟಿದೆ ಅಂತ ನಾನು ಈ ಜನ್ಮದಲ್ಲಿ ನೋಡಿಲ್ಲ!"

"ನೋಡಬೇಕು ಅಂತ ಆಸೆ ಇತ್ತಲ್ಲ," ಎಂದೆ ನಾನು.

ಅವನು ನನ್ನ ಕಡೆ ನುಗ್ಗಿದ. ಅಣ್ಣನೇ ನಡುವೆ ಬಂದು, "ಬಿಡಿ, ಬಿಡಿ, ಮನೆ ಮಾತು," ಎಂದು ಇಬ್ಬರನ್ನೂ ಕೂರಿಸಿದ.

ಅಕ್ಕನ ದನಿ ಏರಲೇ ಇಲ್ಲ. "ಇನ್ನೊಂದೇ ಪ್ರಶ್ನೆ. ನಿಮ್ಮ ಊರಿನ ನಂಬರು ಈಗಲೂ ಇದೆಯಾ?"

"ನನ್ನದಾ?" ಗಂಡ ತಬ್ಬಿಬ್ಬಾದ. "ಅದು ಸತ್ತು ವರ್ಷದ ಮೇಲಾಯ್ತು. ರೀಚಾರ್ಜ್ ಮಾಡದೆ ಬಿಟ್ಟಿದ್ದೆ. ಕಂಪನಿಯವರು ಕಿತ್ತುಕೊಂಡು ಬೇರೆ ಯಾರಿಗೋ ಕೊಟ್ಟರು."

"ನಿನ್ನದಕ್ಕೆ ರೀಚಾರ್ಜ್ ಮಾಡಿಸಿದ್ದೆಯೇನಮ್ಮ?"

"ಇಲ್ಲ," ಎಂದಳು ಎಕ್ಸ್‌ರೇ. "ರೀಚಾರ್ಜ್ ಮಾಡದಿದ್ರೆ ಸಾಯುತ್ತೆ ಅನ್ನೋದೇ ನನಗೆ ಗೊತ್ತಿರಲಿಲ್ಲ."

ಆಗ ಅಣ್ಣನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅವನು ತೆಗೆದು ನೋಡಿ, "ಯಾವುದೋ ಸಾಲ ಕೊಡೋ ಕಂಪನಿ. ಪ್ರಾಣ ತಿಂತಾರೆ," ಎಂದು ನಗುತ್ತ ಕಟ್ ಮಾಡಿದ.

ಅಕ್ಕ ಮೇಜಿನ ಕೆಳಗಿದ್ದ ತನ್ನ ಕೈಯನ್ನು ಮೇಲೆತ್ತಿದಳು. ಕೈಯಲ್ಲಿ ಅವಳ ಫೋನಿತ್ತು.

"ನೀವು ಅಲ್ಲಿ ಕಟ್ ಮಾಡಿದ್ರಿ, ಇಲ್ಲಿ ಕಟ್ ಆಯ್ತು. ನಿಮ್ಮ ತಂಗಿಯ ಹಳೇ ನಂಬರಿಗೆ ಮಾಡಿದ್ದೆ. ಇನ್ನೊಂದು ಸಲ ಮಾಡಲಾ?"

ಅಣ್ಣನ ನಗು ಮುಖದ ಮೇಲೆ ಹಾಗೇ ಉಳಿಯಿತು. ಒಳಗೆ ಜೀವವಿರಲಿಲ್ಲ.

"ಅಣ್ಣಾ?" ಎಂದಳು ಎಕ್ಸ್‌ರೇ.

ಅಕ್ಕ ಅವಳ ಕಡೆ ತಿರುಗಿದಳು. "ಏರ್‌ಪೋರ್ಟಿನಿಂದ ಬರುವಾಗ ನಿನ್ನಣ್ಣ ಫೋನಿಗೆ ಹೊಸ ಸಿಮ್ ಹಾಕಿಕೊಟ್ಟ ಅಂತ ನೀನು ಹೇಳಿದೆ. ಅವನ ಒಳ್ಳೇತನಕ್ಕೆ ಸಾಕ್ಷಿ ಅಂತ ಹೇಳಿದೆ. ಹೊಸದನ್ನ ಹಾಕಬೇಕಾದ್ರೆ ಹಳೇದನ್ನ ತೆಗೀಬೇಕಲ್ಲ. ಅದು ಎಲ್ಲಿ ಹೋಯ್ತು?"

ಎಕ್ಸ್‌ರೇ ತನ್ನ ಫೋನನ್ನು ತಿರುಗಿಸಿ ನೋಡಿದಳು.

"ನೀನು ಕೇಳಲಿಲ್ಲ. ಯಾರೂ ಕೇಳಲ್ಲ. ಬಂದಿಳಿದವರಿಗೆ ಸಿಮ್ ಹಾಕಿಕೊಡೋದು ನಮ್ಮ ಜನರ ಪದ್ಧತಿ, ಹಳೇ ಸಿಮ್ ಯಾರಿಗೂ ನೆನಪಾಗಲ್ಲ. ಆದರೆ ನಿನ್ನ ಬ್ಯಾಂಕಿಗೆ ಗೊತ್ತಿರೋದು ಆ ನಂಬರೊಂದೇ. ಪಾಸ್‌ವರ್ಡ್ ಬದಲಾಯಿಸಬೇಕಾ, ದುಡ್ಡು ಕಳಿಸಬೇಕಾ—ಒಟಿಪಿ ಬರೋದು ಅಲ್ಲಿಗೆ. ಆ ಸಿಮ್ ಯಾರ ಕೈಲಿದೆಯೋ ಖಾತೆ ಅವರದು. ಸತ್ತುಹೋಗಬೇಕಾದ ನಂಬರು ಈ ವರ್ಷ ಟೈಗೆ ಮೆಸೇಜ್ ಮಾಡಿದೆ. ಅಂದ್ರೆ ಯಾರೋ ಬಿಡದೆ ರೀಚಾರ್ಜ್ ಮಾಡಿಸ್ತಾ ಜೀವ ಹಿಡಿದಿದ್ದಾರೆ. ಮರೆತುಹೋದ ಸಿಮ್ಮಿಗೆ ಯಾರು ಅಷ್ಟು ಆರೈಕೆ ಮಾಡ್ತಾರೆ?"

"ಯಾಕೆ?" ಎಂದ ಗಂಡ. ಅವನ ದನಿಯೇ ಬದಲಾಗಿತ್ತು.

"ನಿಮ್ಮ ಭಾವ ಏನು ಮಾಡ್ತಾರೆ ಅಂತ ಬೀದಿಯಲ್ಲಿ ವಿಚಾರಿಸಿದೆ. ಊರಿಗೆ ದುಡ್ಡು ಕಳಿಸೋರ ಹತ್ರ ಇಲ್ಲಿ ನಗದು ಇಸ್ಕೊಳ್ತಾರೆ, ಅಲ್ಲಿ ಅವರವರ ಮನೆಗೆ ತಲುಪಿಸ್ತಾರೆ. ಬ್ಯಾಂಕಿಗಿಂತ ಅಗ್ಗ, ಲೆಕ್ಕಪತ್ರ ಇಲ್ಲ. ಅಲ್ಲಿ ದುಡ್ಡು ಹಾಯಿಸೋಕೆ ಒಂದು ಖಾತೆ ಬೇಕು, ತನ್ನ ಹೆಸರಲ್ಲಿ ಇರಬಾರದು. ಸ್ಟೇಟ್‌ಮೆಂಟ್ ತರಿಸಿ ಅಂತ ಟೈ ಹೇಳಿದ್ದನ್ನ ಇವಳು ಅಣ್ಣನಿಗೆ ಹೇಳಿರಬೇಕು."

"ಹೇಳಿದ್ದೆ," ಎಂದಳು ಎಕ್ಸ್‌ರೇ. "ಹೇಗೆ ತರಿಸೋದು ಅಂತ ಅವನನ್ನೇ ಕೇಳಿದೆ. ನಾನು ನೋಡ್ಕೋತೀನಿ ಅಂದ."

"ನೋಡಿಕೊಂಡ. ಖಾತೆ ಮುಚ್ಚಿದೆ ಅಂತ ನಿನ್ನ ಹೆಸರಲ್ಲಿ ಮೆಸೇಜ್ ಮಾಡಿದ. ಆದರೆ ಈಗ ದೇಶ ದೇಶಗಳ ಬ್ಯಾಂಕುಗಳು ಖಾತೆಗಳ ಸುದ್ದಿಯನ್ನ ತೆರಿಗೆ ಇಲಾಖೆಗಳ ಜೊತೆ ಹಂಚಿಕೊಳ್ತವೆ ಅನ್ನೋದು ಈ ಜಾಣನಿಗೆ ಹೊಳೆಯಲಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಎರಡು ವರ್ಷ ಈ ಮನುಷ್ಯ ಉಪಕಾರದ ಹೆಸರಿನಲ್ಲಿ ತಂಗಿಯ ಕತ್ತಿಗೆ ಹಗ್ಗ ಹೊಸೆಯುತ್ತಿದ್ದ. ನಾನು ಬಡಪಾಯಿ ಮೆಕ್ಯಾನಿಕನ ಕುತ್ತಿಗೆ ಪಟ್ಟಿ ಹಿಡಿಯಲು ಓಡಾಡುತ್ತಿದ್ದೆ!

ಅಣ್ಣ ಕೊನೆಗೆ ಬಾಯಿಬಿಟ್ಟ. ಈಗ ಮಾತು ಮೆತ್ತಗಿರಲಿಲ್ಲ.

"ಹೌದು, ಮಾಡಿದೆ! ಇವಳ ಓದಿಗೆ ದುಡ್ಡು ಎಲ್ಲಿಂದ ಬಂತು? ಇವಳ ವೀಸಾಗೆ ಜಾಮೀನು ನಿಂತಿದ್ದು ಯಾರು? ನೀವು ಕೂತಿರೋ ಕುರ್ಚಿ ಯಾರದು? ಒಂದು ಖಾಲಿ ಖಾತೆ ಬಳಸಿಕೊಂಡಿದ್ದಕ್ಕೆ ಇಷ್ಟು ರಂಪವಾ?"

ಗಂಡ ತಾನು ಕೂತಿದ್ದ ಕುರ್ಚಿಯಿಂದ ಎದ್ದು, ಅದನ್ನು ಎತ್ತಿಕೊಂಡು ಹೋಗಿ ಬಾಗಿಲಾಚೆ ಇಟ್ಟು ಬಂದ. ಆ ಗಳಿಗೆಯಿಂದ ಅವನು ನನಗೆ ಇಷ್ಟವಾದ.

"ಪುಟ್ಟಿ," ಅಣ್ಣ ಮತ್ತೆ ದನಿ ತಗ್ಗಿಸಿದ. "ದಂಡ ಪೂರಾ ನಾನು ಕಟ್ತೀನಿ. ನನ್ನ ಹೆಸರು ಮಾತ್ರ ಎತ್ತಬೇಡ."

"ದಂಡ ನೀನು ಕಟ್ತೀಯ. ಕಳ್ಳಿ ಅಂತ ನನ್ನನ್ನ ವಾಪಸ್ ಕಳಿಸ್ತಾರಲ್ಲ, ಅದನ್ನ ಯಾರು ಅನುಭವಿಸೋದು?"

ಅಕ್ಕ ನಡುವೆ ಹೇಳಿದಳು: "ನಂಬರು ನಿನ್ನ ಹೆಸರಲ್ಲಿದೆ. ಅದು ಯಾವ ಫೋನಲ್ಲಿ, ಎಲ್ಲಿ ಓಡ್ತಿತ್ತು ಅಂತ ಕಂಪನಿಯಿಂದ ದಾಖಲೆ ಕೇಳಬಹುದು. ಇದನ್ನೆಲ್ಲ ಇಲಾಖೆ ಮುಂದೆ ಇಟ್ಟರೆ ಮುಚ್ಚಿಟ್ಟವಳು ನೀನಲ್ಲ ಅಂತಾಗುತ್ತೆ. ಓದದೆ ಸಹಿ ಹಾಕಿದ್ದಕ್ಕೆ ಸಣ್ಣ ದಂಡ ಬೀಳಬಹುದು, ಅಷ್ಟೇ. ಅರ್ಜಿ ಉಳಿಯುತ್ತೆ. ಆದರೆ ಹೆಸರು ಹೇಳಲೇಬೇಕು."

"ಹೇಳ್ತೀನಿ," ಎಂದಳು ಎಕ್ಸ್‌ರೇ.

"ನಾನು ಜೈಲಿಗೆ ಹೋಗ್ತೀನಿ ಕಣೇ!"

"ಹೋಗು."

"ಅಮ್ಮನಿಗೆ ಏನಂತ ಹೇಳ್ತೀಯ?"

"ನಿಜ ಹೇಳ್ತೀನಿ. ನಮ್ಮಿಬ್ಬರಲ್ಲಿ ಒಬ್ಬರಾದ್ರೂ ಹೇಳಬೇಕಲ್ಲ." ಅವಳ ಕಣ್ಣಿಂದ ನೀರಿಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. "ಒಂದು ಮಾತು ಕೇಳ್ತೀನಿ ಅಣ್ಣಾ. ಆ ಸಿಮ್ ಬೇಕು ಅಂತ ನೀನು ಕೈಚಾಚಿದ್ದರೆ ನಾನು ಯಾಕೆ ಅಂತಾನೂ ಕೇಳದೆ ಕೊಡ್ತಿದ್ದೆ. ಅಷ್ಟು ನಂಬಿದ್ದೆ ನಿನ್ನ. ಅದು ನಿನಗೂ ಗೊತ್ತಿತ್ತು. ಆದ್ರೂ ಕದ್ದೆಯಲ್ಲ, ಯಾಕೆ?"

ಅಣ್ಣ ನನ್ನ ಮುಖ ನೋಡಿದ, ಅಕ್ಕನ ಮುಖ ನೋಡಿದ. ತಂಗಿಯ ಮುಖ ಮಾತ್ರ ನೋಡಲಾಗಲಿಲ್ಲ.

"ಕೇಳಿ ತಗೊಂಡಿದ್ರೆ," ಎಂದ ಕೊನೆಗೆ, "ನಿನಗೆ ಋಣಿಯಾಗಬೇಕಿತ್ತು."

ಎಕ್ಸ್‌ರೇ ಹೋಗಿ ಬಾಗಿಲು ಪೂರ್ತಿ ತೆರೆದು ನಿಂತಳು. ಅವನು ದಾಟಿಹೋಗುವವರೆಗೂ ಅಲ್ಲೇ ನಿಂತಿದ್ದು, ಆಮೇಲೆ ಒಳಗೆ ಬಂದು ಇಲಾಖೆಯ ನಂಬರು ಕೊಡಿ ಎಂದು ಅಕ್ಕನನ್ನು ಕೇಳಿದಳು.